ಮಗ ಡಾಕ್ಟರು, ಮಗಳಿಗೆ ಸ್ವಂತ ಅಂಗಡಿ, ಊರು ತೋರಿಸಿದ್ದು ಮಾತ್ರ ಸೊಸೆ: ಯುದ್ಧದ ನಂತರದ ಜಪಾನಿ ಸಿನಿಮಾಗಳ ಬಗ್ಗೆ ಮಾತುಕತೆ

ಹಿಂದಿನ ಬೆಂಚು

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧ ಮುಗಿದ ಮೇಲಿನ ಹದಿನೈದು ವರ್ಷಗಳ ಜಪಾನಿ ಸಿನಿಮಾಗಳ ಮಾತು ಇಲ್ಲಿ ಆಗಾಗ ಬರುತ್ತದೆ. ಹೆಚ್ಚಿನ ಸಲ ಕ್ಯಾಮೆರಾ ಎಲ್ಲಿಟ್ಟರು, ಮಳೆ ಹೇಗೆ ತೋರಿಸಿದರು ಅನ್ನುವಲ್ಲಿಗೆ ಮುಗಿಯುತ್ತದೆ. ನನಗೆ ಬೇಕಿರುವುದು ಬೇರೆ. ಆ ದೇಶ ಆಗ ತಲೆಕೆಳಗಾಗುತ್ತಿತ್ತು. ಸಿನಿಮಾಗಳು ಅದನ್ನು ಸುಮ್ನೆ ತೋರಿಸಿದವೋ, ಇಲ್ಲ ಜನ ಯೋಚಿಸುವ ರೀತಿಯನ್ನೂ ಸ್ವಲ್ಪ ಬದಲಿಸಿದವೋ?

ನಿರ್ದೇಶಕ ಯಾಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’ (1953) ಹಿಡಿದು ಹೇಳುತ್ತೇನೆ. ಒನೊಮಿಚಿ ಅನ್ನುವ ಸಮುದ್ರದ ದಂಡೆಯ ಊರಿನಿಂದ ವಯಸ್ಸಾದ ಗಂಡ ಹೆಂಡತಿ ಮಕ್ಕಳನ್ನು ನೋಡಲು ಟೋಕಿಯೊಗೆ ಬರುತ್ತಾರೆ. ದೊಡ್ಡ ಮಗ ಡಾಕ್ಟರು. ಭಾನುವಾರ ಎಲ್ಲರೂ ಹೊರಗೆ ಹೋಗುವುದು ಅಂತ ಆಗಿರುತ್ತದೆ. ಎಲ್ಲರೂ ರೆಡಿಯಾದ ಮೇಲೆ ಒಂದು ರೋಗಿಗೆ ಜೋರು ಅಂತ ಕರೆ ಬರುತ್ತದೆ, ಅಲ್ಲಿಗೆ ಮುಗಿಯಿತು. ಮಗಳು ಶಿಗೆ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಗಿರಾಕಿ ‘ಅವರ್‍ಯಾರು?’ ಅಂದರೆ ‘ಊರ ಕಡೆಯ ಪರಿಚಯದವರು’ ಅನ್ನುತ್ತಾಳೆ, ಹೆತ್ತವರ ಬಗ್ಗೆ. ಕೊನೆಗೆ ಅಣ್ಣ ತಂಗಿ ದುಡ್ಡು ಸೇರಿಸಿ ಇಬ್ಬರನ್ನೂ ಅತಾಮಿಯ ಬಿಸಿನೀರಿನ ಬುಗ್ಗೆಯ ಊರಿಗೆ ಕಳಿಸುತ್ತಾರೆ. ಅಗ್ಗದ ವಸತಿಗೃಹ. ರಾತ್ರಿಯೆಲ್ಲ ಪಕ್ಕದವರ ಗಲಾಟೆ, ಹಾಡು. ಮುದುಕರಿಗೆ ನಿದ್ದೆ ಇಲ್ಲ.

ರಜೆ ಕೇಳಿ, ಬಸ್ಸಿನಲ್ಲಿ ಕೂರಿಸಿಕೊಂಡು ಊರು ತೋರಿಸುವವಳು ಸೊಸೆ ನೊರಿಕೊ. ಗಂಡ ಯುದ್ಧಕ್ಕೆ ಹೋದವನು ಬರಲೇ ಇಲ್ಲ, ಎಂಟು ವರ್ಷವಾಗಿದೆ. ಇವಳದ್ದು ಒಂದೇ ಕೋಣೆಯ ಮನೆ. ಮಾವನಿಗೆ ಕೊಡಲು ಸಾಕೆ (ಅಕ್ಕಿಯ ಮದ್ಯ) ಇಲ್ಲ. ಪಕ್ಕದ ಮನೆಗೆ ಓಡಿ ಸಾಕೆಯನ್ನೂ ಬಟ್ಟಲನ್ನೂ ಕಡ ತರುತ್ತಾಳೆ.

ಈಗ ಕಾನೂನು ನೋಡಿ. ಯುದ್ಧದ ಮುಂಚೆ ಮನೆಗೊಬ್ಬ ಯಜಮಾನ. ಆಸ್ತಿ ದೊಡ್ಡ ಮಗನಿಗೆ, ಹೆತ್ತವರ ಹೊಣೆಯೂ ಅವನಿಗೇ. 1948ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಸಿವಿಲ್ ಕೋಡ್ ಆ ಪದ್ಧತಿಯನ್ನು ತೆಗೆದುಹಾಕಿತು. ಮಕ್ಕಳಿಗೆಲ್ಲ ಸಮಪಾಲು. ಗಂಡ ಸತ್ತ ಹೆಂಗಸು ಬೇಕಾದರೆ ಒಂದು ಅರ್ಜಿ ಕೊಟ್ಟು ಅತ್ತೆ ಮನೆಯ ಸಂಬಂಧವನ್ನೇ ಮುಗಿಸಬಹುದು. ಅಂದರೆ ನೊರಿಕೊಗೆ ಯಾವ ಹಂಗೂ ಇಲ್ಲ. ಹೊಣೆ ಈಗ ಎಲ್ಲ ಮಕ್ಕಳದ್ದು. ಎಲ್ಲರ ಹೊಣೆ ಅಂದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು.

ಆ ಕಾನೂನು ಬಂದು ಐದು ವರ್ಷಕ್ಕೆ ಈ ಸಿನಿಮಾ ಬಂತು. ಕಾನೂನು ಬಾಯಿಬಿಟ್ಟು ಹೇಳದ ಪ್ರಶ್ನೆಯನ್ನು ಓಜು ಊಟದ ಮಣೆಯ ಮುಂದೆ ತಂದಿಟ್ಟರು ಅಂತ ನನ್ನ ಅನಿಸಿಕೆ. ನೀವೇನಂತೀರಿ?

ಮಂಡ್ಯದ ಮೊಮ್ಮಗಳು

ಬರಹ ಚೆನ್ನಾಗಿದೆ. ಆದರೆ ಶಿಗೆ ಬಗ್ಗೆ ಎಲ್ಲರೂ ಹೀಗೇ ಬರೆಯುತ್ತಾರೆ, ನನಗೆ ಅದಕ್ಕೇ ಸಿಟ್ಟು. ಅವಳು ಬೆಳಗಿನಿಂದ ರಾತ್ರಿವರೆಗೆ ನಿಂತು ದುಡಿಯುವ ಹೆಂಗಸು. ಪಾರ್ಲರೇ ಅವಳ ಮನೆ, ಮನೆಯೇ ಪಾರ್ಲರು. ಅಂಗಡಿ ಮುಚ್ಚಿದರೆ ಅವತ್ತಿನ ಕಾಸಿಲ್ಲ. ನೊರಿಕೊಗೆ ಆಫೀಸು, ರಜೆ ಕೇಳಬಹುದು. ಶಿಗೆ ಯಾರನ್ನು ಕೇಳಬೇಕು?

ಹೌದು, ಅಮ್ಮ ತೀರಿಕೊಂಡು ಊಟಕ್ಕೆ ಕೂತಾಗಲೇ ಅಮ್ಮನ ಕಿಮೋನೊ ತನಗೆ ಬೇಕು ಅನ್ನುತ್ತಾಳೆ. ನೋಡುವವರಿಗೆ ಮೈ ಉರಿಯುತ್ತದೆ. ನಿಜ ಹೇಳಿ, ನಮ್ಮ ಮನೆಗಳಲ್ಲಿ ಹನ್ನೊಂದನೇ ದಿನ ಒಡವೆಯ ಮಾತು ಬರುವುದಿಲ್ಲವಾ? ಅದೇ ಶಿಗೆ ಅದಕ್ಕೂ ಮೊದಲು ಬಿಕ್ಕಿ ಬಿಕ್ಕಿ ಅತ್ತಿರುತ್ತಾಳೆ. ಎರಡೂ ಸುಳ್ಳಲ್ಲ.

ನಮ್ಮ ‘ಸ್ಕೂಲ್ ಮಾಸ್ಟರ್’ ನೆನಪಿಸಿಕೊಳ್ಳಿ. ಬಿ.ಆರ್. ಪಂತುಲು, 1958. ಅಲ್ಲೂ ಮಕ್ಕಳು ವಯಸ್ಸಾದ ತಂದೆತಾಯಿಯನ್ನು ಕೈಬಿಡುತ್ತಾರೆ. ಅಲ್ಲಿ ಯಾರನ್ನು ಬೈಯಬೇಕು ಅಂತ ಗೊತ್ತಾಗುತ್ತದೆ, ಹಳೆಯ ಶಿಷ್ಯ ಬಂದು ಕೈಹಿಡಿದಾಗ ನಮಗೂ ಸಮಾಧಾನ. ಟೋಕಿಯೊ ಕಥೆಯಲ್ಲಿ ಬೈಯಲು ಯಾರೂ ಸಿಗುವುದಿಲ್ಲ, ಕಾಪಾಡಲೂ ಯಾರೂ ಬರುವುದಿಲ್ಲ. ಎಲ್ಲರೂ ಅವರವರ ಕೆಲಸಕ್ಕೆ ವಾಪಸ್. ನನಗೆ ಅದು ಜಾಸ್ತಿ ಕಷ್ಟ ಅನಿಸಿತು.

ಫೈಲ್ ನಂ. 7

ಮೊಮ್ಮಗಳು ಮೇಡಂ ಹೇಳಿದ್ದು ಸರಿ. ಬೈಯಲು ಆಳು ಸಿಗದ ಇನ್ನೊಂದು ಸಿನಿಮಾ ‘ಇಕಿರು’ (1952). ನಿರ್ದೇಶಕ ಅಕಿರಾ ಕುರೊಸಾವಾ ಅಂದರೆ ಕತ್ತಿ, ಕುದುರೆ ಅಂದುಕೊಂಡವರು ಇದನ್ನು ನೋಡಲೇಬೇಕು. ನಾನು ಸರ್ಕಾರಿ ನೌಕರ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ವತಾನಾಬೆ ನಗರಸಭೆಯಲ್ಲಿ ನಾಗರಿಕರ ಅಹವಾಲು ಕೇಳುವ ವಿಭಾಗದ ಮುಖ್ಯಸ್ಥ. ಮೂವತ್ತು ವರ್ಷ ಸೀಲು ಒತ್ತುತ್ತಾ ಕೂತವನು. ಒಂದು ದಿನ ಕೆಲವು ತಾಯಂದಿರು ಬರುತ್ತಾರೆ. ಬಡಾವಣೆಯಲ್ಲಿ ಕೊಳಚೆ ನೀರು ನಿಂತಿದೆ, ಮಕ್ಕಳಿಗೆ ಮೈಮೇಲೆ ಗುಳ್ಳೆ, ಅದನ್ನು ಮುಚ್ಚಿ ಒಂದು ಪಾರ್ಕ್ ಮಾಡಿಕೊಡಿ ಅಂತ. ಇವನ ಜನ ಲೋಕೋಪಯೋಗಿಗೆ ಕಳಿಸುತ್ತಾರೆ. ಅಲ್ಲಿಂದ ಪಾರ್ಕ್ ವಿಭಾಗ, ಆರೋಗ್ಯ, ನೈರ್ಮಲ್ಯ, ಸೊಳ್ಳೆ ವಿಭಾಗ, ಒಳಚರಂಡಿ, ರಸ್ತೆ, ನಗರ ಯೋಜನೆ, ಅಗ್ನಿಶಾಮಕ, ಶಿಕ್ಷಣ, ಕೌನ್ಸಿಲರ್, ಉಪಮೇಯರ್. ಉಪಮೇಯರ್ ನಗುತ್ತಾ ‘ಇದಕ್ಕೇ ಅಂತ ಒಂದು ವಿಭಾಗ ಮಾಡಿದ್ದೇವಲ್ಲ’ ಅಂತ ಮೊದಲಿನ ಕಿಟಕಿಗೇ ಕಳಿಸುತ್ತಾನೆ. ಕುರೊಸಾವಾ ಇದನ್ನು ಒಂದರ ಮೇಲೊಂದು ಮುಖ ತೋರಿಸುತ್ತಾ ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಥಿಯೇಟರಿನಲ್ಲಿ ನಕ್ಕವರಲ್ಲಿ ನಾನೂ ಒಬ್ಬ. ಟಪಾಲು ವಿಭಾಗದಲ್ಲಿ ಇದ್ದವರಿಗೆ ಆ ನಗು ಎಂಥದ್ದು ಅಂತ ಗೊತ್ತು.

ವತಾನಾಬೆಗೆ ಹೊಟ್ಟೆಯ ಕ್ಯಾನ್ಸರ್ ಅಂತ ತಿಳಿಯುತ್ತದೆ. ಇರುವ ಕೆಲವೇ ತಿಂಗಳಲ್ಲಿ ಆ ಪಾರ್ಕ್ ಮಾಡಿಸಲು ಹೊರಡುತ್ತಾನೆ. ಸಿನಿಮಾ ಅಲ್ಲಿಂದ ಸೀದಾ ಅವನ ತಿಥಿಯ ಮನೆಗೆ ಹಾರುತ್ತದೆ. ಉಪಮೇಯರ್ ಕೀರ್ತಿಯನ್ನೆಲ್ಲ ತನ್ನ ಜೇಬಿಗೆ ಹಾಕಿಕೊಳ್ಳುತ್ತಾನೆ. ಅಷ್ಟರಲ್ಲಿ ಆ ತಾಯಂದಿರು ಬಂದು ಫೋಟೋ ಮುಂದೆ ಕೂತು ಅಳುತ್ತಾರೆ. ಒಬ್ಬರೂ ಮಾತಾಡುವುದಿಲ್ಲ. ಉಪಮೇಯರ್ ಮೆಲ್ಲಗೆ ಜಾಗ ಖಾಲಿ ಮಾಡುತ್ತಾನೆ. ಆಮೇಲೆ ಸಹೋದ್ಯೋಗಿಗಳು ಕುಡಿದು, ನಾವೂ ವತಾನಾಬೆ ಥರ ಕೆಲಸ ಮಾಡುತ್ತೇವೆ ಅಂತ ಕೂಗಾಡಿ ಆಣೆ ಇಡುತ್ತಾರೆ.

ಮುಂದೆ ಆಫೀಸು. ಹೊಸ ಮುಖ್ಯಸ್ಥ. ಯಾರೋ ಅರ್ಜಿ ಹಿಡಿದು ಬರುತ್ತಾರೆ, ‘ಲೋಕೋಪಯೋಗಿಗೆ ಕಳಿಸಿ’ ಅನ್ನುತ್ತಾನೆ. ಒಬ್ಬ ಕಿರಿಯ ಗುಮಾಸ್ತ ಮಾತ್ರ ಕುರ್ಚಿ ತಳ್ಳಿ ಎದ್ದು ನಿಲ್ಲುತ್ತಾನೆ. ಎಲ್ಲರೂ ಅವನನ್ನೇ ನೋಡುತ್ತಾರೆ. ಮೆಲ್ಲಗೆ ಕೂರುತ್ತಾನೆ, ಫೈಲಿನ ರಾಶಿಯ ಹಿಂದೆ ಮುಖ ಮರೆಯಾಗುತ್ತದೆ.

ಹಾಗಾಗಿ ಎಳೆ ಶುರು ಮಾಡಿದವರ ಪ್ರಶ್ನೆಗೆ ನನ್ನ ಉತ್ತರ: ಸಿನಿಮಾ ಆಫೀಸನ್ನು ಬದಲಿಸಲಿಲ್ಲ. ಬದಲಿಸುವುದಿಲ್ಲ ಅಂತ ಆ ಸಿನಿಮಾವೇ ಹೇಳಿಬಿಟ್ಟಿದೆ. ಆದರೆ ಅರ್ಜಿ ಹಿಡಿದು ಬಂದ ಆ ಹೆಂಗಸರನ್ನು ನೋಡಿ. ತಲೆ ಬಗ್ಗಿಸಿ ಬೇಡುವುದಿಲ್ಲ. ‘ನಮ್ಮನ್ನು ಆಟ ಆಡಿಸುತ್ತೀರಾ?’ ಅಂತ ದಬಾಯಿಸುತ್ತಾರೆ. ಹೆಂಗಸರಿಗೆ ಮತದ ಹಕ್ಕು ಬಂದು ಆಗಿನ್ನೂ ಕೆಲವೇ ವರ್ಷ.

ದಾವಣಗೆರೆ ಬೆಣ್ಣೆ

ಎಲ್ಲರೂ ತುಂಬ ಭಾವುಕರಾಗಿದ್ದೀರಿ. ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ.

ಈ ‘ಬದಲಾವಣೆ’ಯಲ್ಲಿ ಎಷ್ಟು ಪಾಲು ಆದೇಶ ಅಂತ ನೋಡಿ. 1945ರ ಆಗಸ್ಟ್‌ನಿಂದ 1952ರ ಏಪ್ರಿಲ್‌ವರೆಗೆ ಜಪಾನ್ ಅಮೆರಿಕನ್ ಸೇನೆಯ ಕೈಯಲ್ಲಿತ್ತು. 1945ರ ನವೆಂಬರ್‌ನಲ್ಲೇ ಸಿನಿಮಾದಲ್ಲಿ ಇರಬಾರದ 13 ವಿಷಯಗಳ ಪಟ್ಟಿ ಬಂತು. ಸೇಡು ಬೇಡ, ಧಣಿಗಾಗಿ ಪ್ರಾಣ ಬಿಡುವುದು ಬೇಡ, ಹೆಂಗಸರನ್ನು ತುಳಿಯುವುದನ್ನು ಮೆಚ್ಚಬೇಡಿ, ಹೀಗೆ. ಹಳೆಯ 236 ಸಿನಿಮಾಗಳಿಗೆ ನಿಷೇಧ. ಕತ್ತಿ ಕಾಳಗದ ಸಿನಿಮಾ ಮಾಡುತ್ತಿದ್ದವರು ಕತ್ತಿ ಮಡಚಿಟ್ಟು ಕೂತರು. ಸ್ಕ್ರಿಪ್ಟ್ ಮೊದಲೇ ಒಪ್ಪಿಸಬೇಕು, ಮುಗಿದ ಮೇಲೆ ಮತ್ತೆ ತೋರಿಸಬೇಕು.

ಮುತ್ತು ಕೂಡ ಸರ್ಕಾರಿ ಕಾರ್ಯಕ್ರಮವೇ. ಪ್ರೀತಿಯನ್ನು ಮುಚ್ಚಿಡುವುದು ಹಳೆಯ ಬುದ್ಧಿ, ಬಿಚ್ಚಿ ತೋರಿಸಿ ಅಂತ ಅಧಿಕಾರಿಗಳೇ ಒತ್ತಾಯಿಸಿದರು. 1946ರ ಮೇ ತಿಂಗಳಲ್ಲಿ ಮೊದಲ ಚುಂಬನದ ದೃಶ್ಯದ ಸಿನಿಮಾ ಬಂತು. ತುಟಿಗಳ ನಡುವೆ ಬ್ಯಾಂಡೇಜ್ ಬಟ್ಟೆ ಇಟ್ಟುಕೊಂಡು ಮಾಡಿದರಂತೆ! ಜನ ಮುಗಿಬಿದ್ದು ನೋಡಿದರು, ಪತ್ರಿಕೆಗಳಲ್ಲಿ ಜಗಳವೋ ಜಗಳ.

ಇನ್ನು ತೋರಿಸಬಾರದ್ದು ಏನು ಗೊತ್ತಾ? ಸೆನ್ಸಾರ್ ಇದೆ ಅನ್ನುವುದನ್ನೇ ತೋರಿಸಬಾರದು. ಬೀದಿ ತುಂಬ ಅಮೆರಿಕನ್ ಸೈನಿಕರು, ಪರದೆಯ ಮೇಲೆ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಅಣುಬಾಂಬ್ ಬಗ್ಗೆ ಬಾಯಿಬಿಟ್ಟು ಮಾತಾಡಲು 1952 ಬರಬೇಕಾಯಿತು. ಕಾನೆತೊ ಶಿಂಡೊ ಅವರ ‘ಚಿಲ್ಡ್ರನ್ ಆಫ್ ಹಿರೋಶಿಮಾ’ ಬಂದಿದ್ದು ಆ ವರ್ಷ, ಸೇನೆ ಹೋದ ಮೇಲೆ.

ಪ್ರಜಾಪ್ರಭುತ್ವ ಕಲಿಸಲು ಬಂದವರು ಕಾರ್ಮಿಕ ಸಂಘಗಳನ್ನು ಮೊದಲು ತಾವೇ ಬೆಳೆಸಿದರು. ತೋಹೊ ಸ್ಟುಡಿಯೊದಲ್ಲಿ ಕೆಲಸಗಾರರನ್ನು ತೆಗೆಯುವ ವಿಷಯಕ್ಕೆ ಮುಷ್ಕರ ಆಯಿತು. 1948ರ ಆಗಸ್ಟ್‌ನಲ್ಲಿ ಸ್ಟುಡಿಯೊ ಗೇಟಿಗೆ ಸುಮಾರು 2,000 ಪೊಲೀಸರು, ಅಮೆರಿಕನ್ ಟ್ಯಾಂಕ್‌ಗಳು, ತಲೆಯ ಮೇಲೆ ವಿಮಾನ. ಬರದೇ ಇದ್ದಿದ್ದು ಯುದ್ಧನೌಕೆ ಮಾತ್ರ ಅಂತ ಆಗಿನ ಜನ ಆಡಿಕೊಂಡರು.

ಆದ್ದರಿಂದ 1952ರ ಮುಂಚಿನ ಯಾವ ಸಿನಿಮಾದ ‘ಪ್ರಗತಿ’ಯನ್ನೂ ಹಾಗೇ ನಂಬಬೇಡಿ. ಯಾರ ಪೆನ್ನು ಯಾವ ಸಾಲಿನ ಮೇಲೆ ಆಡಿತ್ತು ಅಂತ ಒಂದು ಸಲ ಯೋಚಿಸಿ.

ಹಿಂದಿನ ಬೆಂಚು

ಬೆಣ್ಣೆಯವರೇ, ಇಷ್ಟು ಖಾರ ಬೆಣ್ಣೆಗೆ ಎಲ್ಲಿಂದ ಬಂತು! ಒಪ್ಪಿದೆ. ಅದಕ್ಕೇ ನನಗೆ 1952ರ ನಂತರದ ಎರಡು ಮೂರು ವರ್ಷ ಮುಖ್ಯ. ಆದೇಶ ಕೊಡುವವರು ಹೋದರು. ಕಾನೂನು ಉಳಿಯಿತು. ಈಗ ಹಳೆಯದಕ್ಕೆ ವಾಪಸ್ ಹೋಗೋಣ ಅಂತ ಹೇಳಲು ಯಾವ ತಡೆಯೂ ಇಲ್ಲ. ಆ ಹೊತ್ತಿನಲ್ಲಿ ಓಜು ಏನು ಮಾಡಿದರು ನೋಡಿ. ಸಿನಿಮಾದ ಕೊನೆಯಲ್ಲಿ ಮಾವನೇ ಸೊಸೆಗೆ ಹೇಳುತ್ತಾನೆ: ನನ್ನ ಮಗನನ್ನು ಮರೆತುಬಿಡಮ್ಮ, ಒಳ್ಳೆಯ ಸಂಬಂಧ ಬಂದರೆ ಮದುವೆಯಾಗು. ಹೇಳಿ, ಅತ್ತೆಯ ಗಡಿಯಾರವನ್ನು ಅವಳ ಕೈಗೆ ಕೊಡುತ್ತಾನೆ. ಹೆತ್ತ ಮಗಳು ಕಿಮೋನೊ ಕೇಳಿ ತೆಗೆದುಕೊಂಡಳು. ಗಡಿಯಾರ ಕೇಳದವಳಿಗೆ ಹೋಯಿತು.

ಹಳೆಯ ಪದ್ಧತಿಯಲ್ಲಿ ಮಾವ ಈ ಮಾತು ಹೇಳಬಹುದಿತ್ತು, ಸೊಸೆ ‘ಇಲ್ಲ ಮಾವ, ಇದೇ ನನ್ನ ಮನೆ’ ಅಂದು ಕಾಲಿಗೆ ಬಿದ್ದಿದ್ದರೆ ಜನ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದರು. ಇಲ್ಲಿ ನೊರಿಕೊ ‘ನಾನು ನೀವು ತಿಳಿದಷ್ಟು ಒಳ್ಳೆಯವಳಲ್ಲ, ಎಷ್ಟೋ ದಿನ ನನಗೆ ಅವರ ನೆನಪೇ ಬರುವುದಿಲ್ಲ’ ಅಂತ ಹೇಳಿ ಅಳುತ್ತಾಳೆ. ಒಬ್ಬ ವಿಧವೆ ಪರದೆಯ ಮೇಲೆ ಇಷ್ಟು ಹೇಳಿದರೆ, ನೋಡುತ್ತಾ ಕೂತ ಸಾವಿರಾರು ವಿಧವೆಯರಿಗೆ ಏನನಿಸಿರಬೇಕು? ಯುದ್ಧ ಅಷ್ಟು ಗಂಡಸರನ್ನು ತಿಂದಿತ್ತು. ಅಂಥವರ ಪಾಲಿಗೆ ಆ ಮಾತೇ ಒಂದು ಅನುಮತಿ ಆಗಿರಬಹುದು.

ಶಾರದಕ್ಕ

ನಾನು ನಿವೃತ್ತ ಶಿಕ್ಷಕಿ. ಹಾಗಾಗಿ ನನ್ನ ಸಿನಿಮಾ ಯಾವುದು ಅಂತ ಊಹಿಸಿರುತ್ತೀರಿ. ಕೆಯಿಸುಕೆ ಕಿನೊಶಿತಾ ಅವರ ‘ಟ್ವೆಂಟಿ-ಫೋರ್ ಐಸ್’ (1954). ಆ ವರ್ಷ ಹಳೇ ಕಾಲದ ಕತ್ತಿಯೋಧರ ಕಥೆ, ಕುರೊಸಾವಾ ಅವರ ‘ಸೆವೆನ್ ಸಮುರಾಯ್’ ಕೂಡ ಬಂದಿತ್ತು. ಜಪಾನಿನ ಹಳೆಯ ಸಿನಿಮಾ ಪತ್ರಿಕೆ ಕಿನೆಮಾ ಜುಂಪೊದ ವಿಮರ್ಶಕರು ಮೊದಲ ಸ್ಥಾನ ಕೊಟ್ಟಿದ್ದು ಈ ಮೇಷ್ಟ್ರಮ್ಮನಿಗೆ. ಸಮುರಾಯ್‌ಗಳಿಗೆ ಮೂರನೆಯದು.

ಶೊದೊಶಿಮಾ ಅನ್ನುವ ದ್ವೀಪ, 1928. ಓಯಿಶಿ ಟೀಚರು ಸೈಕಲ್ ತುಳಿದುಕೊಂಡು, ಪಾಶ್ಚಾತ್ಯ ಉಡುಪು ಹಾಕಿಕೊಂಡು ಶಾಲೆಗೆ ಬರುತ್ತಾಳೆ. ಊರಿನ ಹೆಂಗಸರ ಬಾಯಿಗೆ ಕೆಲಸ. ಒಂದನೇ ಕ್ಲಾಸಿನ 12 ಮಕ್ಕಳು. ಹುಡುಗಿಯರು ಒಬ್ಬೊಬ್ಬರಾಗಿ ಬಡತನಕ್ಕೆ ಶಾಲೆ ಬಿಡುತ್ತಾರೆ. ಹುಡುಗರು ಬೆಳೆದು ಸೈನಿಕರಾಗುತ್ತೇವೆ ಅನ್ನುತ್ತಾರೆ. ಟೀಚರು ‘ನನಗೆ ಮೀನು ಹಿಡಿಯುವವರು, ಅಕ್ಕಿ ಮಾರುವವರೇ ಇಷ್ಟ’ ಅಂದರೆ ಹೆಡ್‌ಮಾಸ್ಟರ್ ಹೆದರಿ ಬಾಯಿ ಮುಚ್ಚಿಸುತ್ತಾರೆ. ಯುದ್ಧ ಮುಗಿದ ಮೇಲೆ ಉಳಿದವರು ಸೇರುತ್ತಾರೆ. ಕಣ್ಣು ಕಳೆದುಕೊಂಡು ಬಂದ ಒಬ್ಬ ಹುಡುಗ ಒಂದನೇ ಕ್ಲಾಸಿನ ಫೋಟೋ ಕೈಗೆ ತೆಗೆದುಕೊಳ್ಳುತ್ತಾನೆ. ಬೆರಳಿಟ್ಟು ಇದು ಇಂಥವಳು, ಇವನು ಇಂಥವನು ಅಂತ ಹೇಳುತ್ತಾ ಹೋಗುತ್ತಾನೆ. ಬೆರಳು ಒಂದಿಷ್ಟು ಪಕ್ಕಕ್ಕೆ ಸರಿದಿರುತ್ತದೆ. ಯಾರೂ ತಿದ್ದುವುದಿಲ್ಲ. ಹಾಜರಿ ಕರೆದು ಅಭ್ಯಾಸ ಇರುವವರು ಅಲ್ಲಿ ಕಣ್ಣೀರು ತಡೆಯುವುದು ಕಷ್ಟ.

ಇಷ್ಟಾದರೂ ನನಗೆ ಒಂದು ತಕರಾರಿದೆ. ಆ ಹುಡುಗರು ಹಡಗು ಹತ್ತಿ ಹೋದರು, ಸರಿ. ಹೋಗಿ ಏನು ಮಾಡಿದರು? ಚೀನಾದಲ್ಲಿ ಅವರ ಎದುರಿಗೆ ಇದ್ದವರೂ ಯಾರದೋ ಶಾಲೆಯ ಮಕ್ಕಳೇ. ಅದರ ಸುಳಿವೂ ಇಲ್ಲ. ಯುದ್ಧ ಅನ್ನುವುದು ಬಿರುಗಾಳಿಯ ಹಾಗೆ ಎಲ್ಲಿಂದಲೋ ಬಂತು, ನಮ್ಮ ಮಕ್ಕಳನ್ನು ತೆಗೆದುಕೊಂಡು ಹೋಯಿತು. ಇಡೀ ದೇಶ ಅತ್ತಿತಂತೆ. ತಾನು ಮಾಡಿದ್ದನ್ನು ಮರೆಯಲು ಆ ಅಳು ಸಹಾಯ ಮಾಡಲಿಲ್ಲವಾ? ಸಿನಿಮಾ ಸಮಾಜವನ್ನು ರೂಪಿಸಿತು ಅಂತ ಹೊಗಳುವಾಗ ಇದನ್ನೂ ಲೆಕ್ಕಕ್ಕೆ ಸೇರಿಸಿ.

ಗಾಡ್ಜಿಲ್ಲಾ ಗೌಡ

ಶಾರದಕ್ಕ, ನಿಮ್ಮ ಮಾತಿಗೆ ಉತ್ತರ ಇಲ್ಲ. ನಾನು ಸ್ವಲ್ಪ ಸದ್ದು ಮಾಡಿ ಹೋಗುತ್ತೇನೆ.

‘ಗಾಡ್ಜಿಲ್ಲಾ’ ಅನ್ನುವ ದೈತ್ಯಪ್ರಾಣಿಯ ಸಿನಿಮಾ ಬಗ್ಗೆ ಯಾರೂ ಎತ್ತಲಿಲ್ಲ. ರಬ್ಬರ್ ಬೊಂಬೆ ಅಂತ ನಗುವವರು 1954ರ ಆ ವರ್ಷವನ್ನು ನೆನೆಯಬೇಕು. ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ‘ಲಕ್ಕಿ ಡ್ರ್ಯಾಗನ್ ನಂ. 5’ ದೋಣಿಯ 23 ಜನರ ಮೇಲೆ ವಿಕಿರಣದ ಬೂದಿ ಸುರಿಯಿತು. ಸೆಪ್ಟೆಂಬರ್‌ನಲ್ಲಿ ದೋಣಿಯ ರೇಡಿಯೊ ಆಪರೇಟರ್ ತೀರಿಕೊಂಡ. ಮಾರ್ಕೆಟ್ಟಿಗೆ ಬಂದ ಟ್ಯೂನಾ ಮೀನನ್ನು ಹೂತು ಹಾಕಿದರು. ಮೀನು ತಿನ್ನುವ ದೇಶದಲ್ಲಿ ಮೀನಿಗೆ ಹೆದರುವ ಹಾಗಾಯಿತು. ನವೆಂಬರ್ 3ಕ್ಕೆ ಸಿನಿಮಾ ಬಿಡುಗಡೆ. ಅದರ ಮೊದಲ ದೃಶ್ಯವೇ ಏನು? ಒಂದು ದೋಣಿ, ಡೆಕ್ ಮೇಲೆ ಹುಡುಗರು ಹಾಡಿಕೊಂಡು ಕೂತಿದ್ದಾರೆ, ಇದ್ದಕ್ಕಿದ್ದಂತೆ ಸಮುದ್ರ ಬೆಳ್ಳಗಾಗುತ್ತದೆ. ಅವತ್ತಿನ ಜಪಾನಿಗಳಿಗೆ ಯಾರೂ ವಿವರಿಸಿ ಹೇಳಬೇಕಿರಲಿಲ್ಲ.

ರೈಲಿನಲ್ಲಿ ಒಬ್ಬಳು ‘ನಾಗಸಾಕಿಯಿಂದ ಹೇಗೋ ಬದುಕಿ ಬಂದೆ, ಈಗ ಇದು’ ಅನ್ನುತ್ತಾಳೆ. ಊರು ಹೊತ್ತಿ ಉರಿಯುವಾಗ ಒಬ್ಬ ತಾಯಿ ಮಕ್ಕಳನ್ನು ಅಪ್ಪಿಕೊಂಡು ‘ಇನ್ನೇನು ಅಪ್ಪನ ಹತ್ತಿರ ಹೋಗುತ್ತೇವೆ’ ಅನ್ನುತ್ತಾಳೆ. ಇದು ಮಕ್ಕಳ ಸಿನಿಮಾನಾ? ಸುಮಾರು 96 ಲಕ್ಷ ಜನ ನೋಡಿದರು. 1956ರಲ್ಲಿ ಅಮೆರಿಕದಲ್ಲಿ ಬಿಡುವಾಗ ಒಬ್ಬ ಅಮೆರಿಕನ್ ಪತ್ರಕರ್ತನನ್ನು ಹೊಸದಾಗಿ ತುರುಕಿದರು. ಬಾಂಬ್ ಬಗ್ಗೆ ಚುಚ್ಚುವ ಮಾತುಗಳಲ್ಲಿ ಬಹಳಷ್ಟು ಕತ್ತರಿಗೆ ಹೋದವು. ನಮಗೆ ಕಾಮಿಡಿಯಾಗಿ ಸಿಕ್ಕಿದ್ದು ಹೀಗೆ.

ಆದರೆ ಸತ್ಯ ಹೇಳಬೇಕು. ಬಾಂಬ್ ವಿರುದ್ಧ ಸಹಿ ಸಂಗ್ರಹ ಸಿನಿಮಾಗಿಂತ ಮೊದಲೇ ಶುರುವಾಗಿತ್ತು. ಟೋಕಿಯೊದ ಸುಗಿನಾಮಿ ವಾರ್ಡಿನ ಗೃಹಿಣಿಯರು ಮುಂದೆ ನಿಂತು ಮನೆಮನೆಗೆ ಹೋದರು. 1955ರ ಹೊತ್ತಿಗೆ ದೇಶದಲ್ಲಿ ಸಹಿಗಳು 3 ಕೋಟಿ ದಾಟಿದ್ದವು. ನಮ್ಮ ಗಾಡ್ಜಿಲ್ಲಾ ಆ ಹೆಂಗಸರ ಹಿಂದೆ ಬಂದಿದ್ದು, ಮುಂದೆ ಅಲ್ಲ.

ಹುಬ್ಬಳ್ಳಿ ಮಿರ್ಚಿ

ಏನ್ರೀ ಇದು, ಎಲ್ಲರೂ ಫಿಲ್ಮ್ ಸೊಸೈಟಿ ಪಟ್ಟಿ ಹಿಡಿದುಕೊಂಡೇ ಕೂತಿದ್ದೀರಿ! ಜನ ಆಗ ನಿಜವಾಗಿ ಏನು ನೋಡಿದರು ಅಂತ ಯಾರಾದರೂ ಕೇಳಿದ್ರಾ? ‘ಕಿಮಿ ನೊ ನಾ ವಾ’ ನೋಡಿದರು. ಈಗಿನ ಆನಿಮೆ ಅಲ್ಲ, 1953-54ರ ಮೂರು ಭಾಗದ ಸಿನಿಮಾ. ಮೊದಲು ರೇಡಿಯೊ ನಾಟಕ. ಅದು ಬರುವ ಹೊತ್ತಿಗೆ ಸಾರ್ವಜನಿಕ ಸ್ನಾನಗೃಹಗಳಲ್ಲಿ ಹೆಂಗಸರ ಕಡೆ ಖಾಲಿ ಹೊಡೆಯುತ್ತಿತ್ತು ಅಂತ ಈಗಲೂ ಕಥೆ ಹೇಳುತ್ತಾರೆ. ಬಾಂಬ್ ದಾಳಿಯ ರಾತ್ರಿ ಒಂದು ಸೇತುವೆಯ ಹತ್ತಿರ ಇಬ್ಬರು ಸಿಗುತ್ತಾರೆ. ಹೆಸರೂ ಕೇಳದೆ ಬೇರೆಯಾಗುತ್ತಾರೆ. ಮತ್ತೆ ಸಿಗೋಣ ಅಂತ ಮಾತು. ಆಮೇಲೆ ಮೂರು ಭಾಗ ಒಬ್ಬರಿಗೊಬ್ಬರು ತಪ್ಪಿಸಿಕೊಳ್ಳುವುದೇ ಕೆಲಸ.

ನೀವು ನಗಬಹುದು. ಆದರೆ ಯುದ್ಧದಲ್ಲಿ ಯಾರನ್ನೋ ಕಳೆದುಕೊಂಡು ಇನ್ನೂ ಹುಡುಕುತ್ತಿದ್ದ ದೇಶಕ್ಕೆ ಅದು ಸ್ವಂತ ಕಥೆ. ನಾಯಕಿ ಮಚಿಕೊ ತಲೆಗೂ ಕುತ್ತಿಗೆಗೂ ಸುತ್ತುವ ಶಾಲನ್ನು ಊರಲ್ಲಿರುವ ಹುಡುಗಿಯರೆಲ್ಲ ಸುತ್ತಿಕೊಂಡರು. ‘ಮಚಿಕೊ ಸುತ್ತು’ ಅಂತಲೇ ಹೆಸರಾಯಿತು. ಸಮಾಜವನ್ನು ರೂಪಿಸುವುದು ಅಂದರೆ ನನ್ನ ಪ್ರಕಾರ ಇದು. ಮೊದಲು ಬಟ್ಟೆ, ಕೂದಲು, ಆಮೇಲೆ ಮಾತು.

1956ರಲ್ಲಿ ‘ಸೂರ್ಯನ ಬಳಗ’ದ ಸಿನಿಮಾಗಳು ಬಂದವು. ಕಡಲತೀರ, ದೋಣಿ, ದುಡ್ಡಿದ್ದ ಹುಡುಗರು, ಅಪ್ಪ ಅಮ್ಮನಿಗೆ ಕ್ಯಾರೇ ಅನ್ನದವರು. ಹುಡುಗರು ಅದೇ ಕಟಿಂಗ್, ಅದೇ ಹೂವಿನ ಶರ್ಟು. ಪಾಲಕರು, ಪತ್ರಿಕೆಗಳು ಎದ್ದು ಕೂಗಾಡಿದ್ದಕ್ಕೆ ಸಿನಿಮಾ ಉದ್ಯಮದವರೇ ನಡೆಸುತ್ತಿದ್ದ ಸೆನ್ಸಾರ್ ಸಂಸ್ಥೆಯನ್ನು ಅದೇ ವರ್ಷ ಬೇರೆ ಮಾಡಿ ಹೊರಗಿನವರನ್ನು ಕೂರಿಸಬೇಕಾಯಿತು. ಓಜು ಸಿನಿಮಾ ಯಾವ ಸಂಸ್ಥೆಯನ್ನಾದರೂ ಹೀಗೆ ಅಲುಗಾಡಿಸಿತಾ?

ಮಂಡ್ಯದ ಮೊಮ್ಮಗಳು

ಮಿರ್ಚಿ ಅಣ್ಣ, ಅಲುಗಾಡಿಸಿದ ಸಿನಿಮಾ ಬೇಕಾ? ಕೆಂಜಿ ಮಿಜೊಗುಚಿ ಅವರ ಕೊನೆಯ ಸಿನಿಮಾ ‘ಸ್ಟ್ರೀಟ್ ಆಫ್ ಶೇಮ್’. 1956ರ ಮಾರ್ಚ್‌ನಲ್ಲಿ ಬಂತು. ಟೋಕಿಯೊದ ಯೊಶಿವಾರಾ ಬೀದಿಯ ಒಂದು ವೇಶ್ಯಾಗೃಹ. ಪಾರ್ಲಿಮೆಂಟಿನಲ್ಲಿ ವೇಶ್ಯಾವಾಟಿಕೆ ನಿಷೇಧದ ಮಸೂದೆ ಚರ್ಚೆ ನಡೆಯುತ್ತಿರುತ್ತದೆ, ಆ ಸುದ್ದಿ ಕಥೆಯೊಳಗೇ ಬಂದುಹೋಗುತ್ತದೆ. ಮಾಲೀಕ ಹುಡುಗಿಯರನ್ನು ಕೂರಿಸಿಕೊಂಡು ಭಾಷಣ ಮಾಡುತ್ತಾನೆ: ಸರ್ಕಾರ ನಿಮಗೆ ಊಟ ಹಾಕುತ್ತಾ? ನಿಜವಾದ ಸಮಾಜಸೇವೆ ಮಾಡುತ್ತಿರುವವನು ನಾನು!

ಒಬ್ಬೊಬ್ಬಳದ್ದೂ ಒಂದೊಂದು ಲೆಕ್ಕ. ಹನಾಯೆಗೆ ಕಾಯಿಲೆಯ ಗಂಡ, ಎಳೆ ಕೂಸು. ಇನ್ನೊಬ್ಬಳು ಮಗನಿಗಾಗಿ ದುಡಿದಳು, ಮಗ ದೊಡ್ಡವನಾಗಿ ಅಮ್ಮ ಅನ್ನಲು ನಾಚಿದ. ಮತ್ತೊಬ್ಬಳು ಮದುವೆಯಾಗಿ ಹೋಗುತ್ತಾಳೆ, ಸಂಬಳವಿಲ್ಲದ ಜೀತ ಅಂತ ಗೊತ್ತಾಗಿ ವಾಪಸ್ ಬರುತ್ತಾಳೆ. ಗೆದ್ದವಳು ಯಾಸುಮಿ ಒಬ್ಬಳೇ. ಜೊತೆಯವರಿಗೇ ಬಡ್ಡಿಗೆ ಸಾಲ ಕೊಟ್ಟು, ಗಿರಾಕಿಗೆ ಟೋಪಿ ಹಾಕಿ, ಕೊನೆಗೆ ಹಾಸಿಗೆ ಅಂಗಡಿಯ ಒಡತಿಯಾಗುತ್ತಾಳೆ. ಮಿಜೊಗುಚಿ ಅವಳಿಗೆ ನೀತಿಪಾಠ ಹೇಳುವುದಿಲ್ಲ. ಅವರ ಸ್ವಂತ ಅಕ್ಕನನ್ನೇ ಬಡತನಕ್ಕೆ ಗೇಷಾ (ಗಿರಾಕಿಗಳಿಗೆ ಹಾಡಿ ಕುಣಿದು ರಂಜಿಸುವ ಹೆಂಗಸರ) ಮನೆಗೆ ಕೊಟ್ಟಿದ್ದರು. ಯಾವುದು ಯಾವ ಬೆಲೆಗೆ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು.

ಸಿನಿಮಾದೊಳಗೆ ಮಸೂದೆ ಬಿದ್ದುಹೋಗುತ್ತದೆ. ಹೊರಗೆ, ಹಿಂದೆ ಹಲವು ಸಲ ಬಿದ್ದಿದ್ದ ಮಸೂದೆ 1956ರ ಮೇ ತಿಂಗಳಲ್ಲಿ ಪಾಸಾಯಿತು. 1958ರ ಏಪ್ರಿಲ್‌ನಿಂದ ಪೂರ್ತಿ ಜಾರಿ. ಸಿನಿಮಾದಿಂದಲೇ ಕಾನೂನು ಬಂತು ಅಂತ ಬರೆಯುವವರಿದ್ದಾರೆ. ನನಗೆ ಅದು ಅನ್ಯಾಯ ಅನಿಸುತ್ತದೆ. 1946ರ ಏಪ್ರಿಲ್ ಚುನಾವಣೆಯಲ್ಲಿ ಮೊದಲ ಸಲ ಹೆಂಗಸರು ಮತ ಹಾಕಿದರು, 39 ಮಹಿಳೆಯರು ಗೆದ್ದರು. ಅಲ್ಲಿಂದ ಶುರುವಾಗಿ ವರ್ಷಗಟ್ಟಲೆ ಸದನದಲ್ಲಿ ಗುದ್ದಾಡಿದವರು ಮಹಿಳಾ ಸದಸ್ಯರು. ಪೋಸ್ಟರಿನಲ್ಲಿ ಅವರ ಮುಖ ಇರಲಿಲ್ಲ ಅಷ್ಟೆ. ಸಿನಿಮಾ ಮಾಡಿದ್ದು ಇಷ್ಟು: ಮೇ ತಿಂಗಳಲ್ಲಿ ಪೇಪರಿನಲ್ಲಿ ಆ ಸುದ್ದಿ ಓದಿದವರಿಗೆ ಹನಾಯೆ, ಯಾಸುಮಿಯರ ಮುಖ ಗೊತ್ತಿತ್ತು.

ಪೂರ್ವಕ್ಕೆ ಬಂದ ಕನ್ನಡಿಗ

ಟೋಕಿಯೊದ ನಿಶಿ-ಕಸಾಯ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಭಾರತೀಯರು ಜಾಸ್ತಿ, ದೋಸೆ ಹಿಟ್ಟಿಗೂ ತೊಂದರೆಯಿಲ್ಲ. ಅಪ್ಪ ಅಮ್ಮ ಬಂದಿದ್ದಾಗ ನಾನೂ ಲ್ಯಾಪ್‌ಟಾಪ್ ಮುಂದೆ ಕೂತು ಅವರನ್ನು ಟೂರಿಸ್ಟ್ ಬಸ್ ಹತ್ತಿಸಿದವನೇ, ಹಾಗಾಗಿ ಮೊದಲ ಪೋಸ್ಟ್ ಪೂರ್ತಿ ಓದಲು ಸ್ವಲ್ಪ ಧೈರ್ಯ ಬೇಕಾಯಿತು.

ಓಜು ಏನನ್ನೂ ಅಲುಗಾಡಿಸಲಿಲ್ಲ ಅಂದವರು ‘ಗುಡ್ ಮಾರ್ನಿಂಗ್’ (1959) ನೋಡಿ. ನಗು ತಡೆಯಲಾಗದ ಸಿನಿಮಾ, ಹೂಸಿನ ಜೋಕುಗಳೇ ಎಷ್ಟೋ! ಒಂದು ಬಡಾವಣೆ, ಗೋಡೆಗೆ ಗೋಡೆ ತಾಗಿದ ಮನೆಗಳು. ಮಹಿಳಾ ಸಂಘದ ಚಂದಾ ದುಡ್ಡು ಕಾಣೆಯಾಗಿದೆ. ಅಧ್ಯಕ್ಷೆಯ ಮನೆಗೆ ಹೊಸ ವಾಷಿಂಗ್ ಮೆಷಿನ್ ಬಂದಿದೆ. ಸಾಕಲ್ಲ! ಅತ್ತ ಎರಡು ಹುಡುಗರು ಟಿವಿ ಕೊಡಿಸುವವರೆಗೆ ಮಾತಾಡುವುದಿಲ್ಲ ಅಂತ ಮೌನ ಮುಷ್ಕರ ಹೂಡುತ್ತಾರೆ. ಟಿವಿ, ಫ್ರಿಜ್, ವಾಷಿಂಗ್ ಮೆಷಿನ್ ಮೂರನ್ನೂ ಆಗಿನ ಜಪಾನಿಗಳು ಮನೆಗೆ ಬರಬೇಕಾದ ಮೂರು ನಿಧಿಗಳು ಅನ್ನುತ್ತಿದ್ದರು.

ನನಗೆ ಹಿಡಿಸಿದ್ದು ಪಕ್ಕದ ಮನೆಯ ನಿವೃತ್ತ ಯಜಮಾನ. ಕುಡಿದು ಬಂದು ಪೆನ್ಷನ್ ಸಾಲುವುದಿಲ್ಲ ಅಂತ ಗೋಳಾಡುತ್ತಾನೆ. ಕೊನೆಗೆ ಅವನಿಗೆ ಎಲೆಕ್ಟ್ರಿಕ್ ಸಾಮಾನು ಮಾರುವ ಕೆಲಸ ಸಿಗುತ್ತದೆ. ಹುಡುಗರ ಅಪ್ಪ ಟಿವಿ ತರುವುದು ಅವನಿಗೆ ಮೊದಲ ವ್ಯಾಪಾರ ಆಗಲಿ ಅಂತ. ನೋಡಿ, ಆರು ವರ್ಷದ ಹಿಂದೆ ಮುದುಕರಿಗೆ ಮಕ್ಕಳ ಮನೆಯಲ್ಲಿ ಜಾಗ ಇಲ್ಲ ಅನ್ನುವ ಕಥೆ. ಈಗ ಮುದುಕ ಬದುಕುವುದು ನೆರೆಯವರಿಗೆ ಟಿವಿ ಮಾರಿ.

ಅದೇ ಟಿವಿ ಸಿನಿಮಾವನ್ನು ಹೊಡೆಯಿತು ಅನ್ನುವುದು ಓಜುಗೆ ಗೊತ್ತಿರಲಿಲ್ಲ ಅಂತೇನಿಲ್ಲ. 1958ರಲ್ಲಿ ಜಪಾನಿನಲ್ಲಿ 112 ಕೋಟಿಗೂ ಜಾಸ್ತಿ ಟಿಕೆಟ್ ಮಾರಾಟವಾಗಿತ್ತು. ಜನಸಂಖ್ಯೆ ಸುಮಾರು 9.2 ಕೋಟಿ. ಮಗು ಮುದುಕ ಎಲ್ಲರನ್ನೂ ಸೇರಿಸಿ ತಲೆಗೆ ವರ್ಷಕ್ಕೆ 12 ಸಿನಿಮಾ. 1959ರ ಏಪ್ರಿಲ್‌ನಲ್ಲಿ ಜಪಾನಿನ ಯುವರಾಜನ ಮದುವೆ ನೋಡಲು ಜನ ಟಿವಿ ಕೊಂಡರು. 1963ಕ್ಕೆ ಟಿಕೆಟ್ ಅರ್ಧಕ್ಕಿಂತ ಕೆಳಗೆ, ಸುಮಾರು 51 ಕೋಟಿ.

ಹಿಂದಿನ ಬೆಂಚು

ಮಿರ್ಚಿ ಅವರ ಶಾಲಿನ ವಾದಕ್ಕೆ ನಾನು ಅರ್ಧ ಸೋತೆ. ಇನ್ನರ್ಧಕ್ಕೆ ‘ಸೆವೆನ್ ಸಮುರಾಯ್’ ಇದೆ. ದರೋಡೆಕೋರರಿಂದ ಕಾಪಾಡಲು ರೈತರು ಏಳು ಸಮುರಾಯ್‌ಗಳನ್ನು ಕರೆತರುವ ಕಥೆ 16ನೇ ಶತಮಾನದ್ದು, ಮನಸ್ಸು 1954ರದ್ದು. ಅಮೆರಿಕನ್ ಸೇನೆ ಇದ್ದಾಗ ಜಮೀನ್ದಾರರ ಭೂಮಿಯನ್ನು ಸರ್ಕಾರ ಕೊಂಡು ಗೇಣಿದಾರರಿಗೆ ಮಾರಿತು. ಗೇಣಿ ಭೂಮಿ ಹೆಚ್ಚುಕಡಿಮೆ ಅರ್ಧ ಇದ್ದದ್ದು ಹತ್ತನೇ ಒಂದು ಪಾಲಿಗೆ ಇಳಿಯಿತು. ನಮ್ಮಲ್ಲಿ ದೇವರಾಜ ಅರಸು ಕಾಲದ 1974ರ ಭೂಸುಧಾರಣೆ ಕಾಯ್ದೆ ಕಂಡವರಿಗೆ ಹಳ್ಳಿಯಲ್ಲಿ ಅದು ಏನು ಮಾಡುತ್ತದೆ ಅಂತ ಹೇಳಬೇಕಿಲ್ಲ. ಅದಾಗಿ ನಾಲ್ಕೇ ವರ್ಷಕ್ಕೆ, ನಾಟಿ ಮಾಡುತ್ತಾ ಹಾಡುವ ರೈತರನ್ನು ನೋಡಿ ಹಿರಿಯ ಸಮುರಾಯ್ ‘ಗೆದ್ದವರು ಅವರು, ನಾವಲ್ಲ’ ಅನ್ನುತ್ತಾನೆ. ಕತ್ತಿಯವರ ಕಾಲ ಮುಗಿಯಿತು ಅಂತ ಕತ್ತಿ ಸಿನಿಮಾವೇ ಹೇಳಿತು.

ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಕುರೊಸಾವಾ ದಾರಿಯಲ್ಲೇ ನಡೆದಿದ್ದು. ಅಲ್ಲೂ ಕೂಲಿಗೆ ಹೊಡೆದಾಡುವ ಸೈನಿಕರಿಗೆ ಉಳಿಯುವುದು ಏನೂ ಇಲ್ಲ.

ದಾವಣಗೆರೆ ಬೆಣ್ಣೆ

ಆ ರೈತರು ಸಾಚಾಗಳಲ್ಲ ಅನ್ನುವುದನ್ನು ಬಿಟ್ಟುಬಿಟ್ಟಿರಿ. ಹಿಂದೆ ಸೋತು ಓಡಿಬಂದ ಸಮುರಾಯ್‌ಗಳನ್ನು ಕೊಂದು ಕಿತ್ತುಕೊಂಡ ಕವಚಗಳನ್ನು ಬಚ್ಚಿಟ್ಟಿರುತ್ತಾರೆ. ಅಕ್ಕಿ ಇಲ್ಲ ಅನ್ನುತ್ತಾರೆ, ನೆಲದಡಿ ಇರುತ್ತದೆ. ನಟ ತೊಶಿರೊ ಮಿಫುನೆಯ ಪಾತ್ರ ಅದನ್ನೆಲ್ಲ ಬಯಲು ಮಾಡಿ, ಅವರನ್ನು ಹೀಗೆ ಮಾಡಿದವರು ನೀವೇ ಅಂತ ಸಮುರಾಯ್‌ಗಳ ಮುಖಕ್ಕೇ ಬೈಯುತ್ತಾನೆ. ನನಗೆ ಇಡೀ ಸಿನಿಮಾ ಆ ಬೈಗುಳದಲ್ಲಿದೆ. 1947ರಲ್ಲಿ ಯಾವ ಅಧಿಕಾರಿಯೂ ಆ ಸ್ಕ್ರಿಪ್ಟಿಗೆ ಸಹಿ ಹಾಕುತ್ತಿರಲಿಲ್ಲ.

ಶಾರದಕ್ಕ

ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲೇ ಇಲ್ಲ. ಗೌಡರು ಜಾಣತನದಿಂದ ಜಾರಿಕೊಂಡರು. ಹೊರಗೆ ಹೋದ ಸೈನಿಕ ಅಲ್ಲಿ ಏನು ಮಾಡಿದ ಅಂತ ತೋರಿಸಿದ ಜಪಾನಿ ಸಿನಿಮಾ ಆ ಕಾಲದಲ್ಲಿ ಒಂದೂ ಇಲ್ಲವಾ?

ಫೈಲ್ ನಂ. 7

ಇದೆ ಅಕ್ಕ. ಮಸಾಕಿ ಕೊಬಯಾಶಿ ಅವರ ‘ದಿ ಹ್ಯೂಮನ್ ಕಂಡಿಷನ್’, 1959ರಿಂದ 1961ರವರೆಗೆ ಮೂರು ಭಾಗ. ಕಾಜಿ ಅನ್ನುವ ಒಳ್ಳೆಯ ಮನಸ್ಸಿನ ಹುಡುಗ ಜಪಾನ್ ಹಿಡಿದಿಟ್ಟುಕೊಂಡಿದ್ದ ಈಶಾನ್ಯ ಚೀನಾದ ಮಂಚೂರಿಯಾದ ಗಣಿಗೆ ಕೆಲಸಗಾರರನ್ನು ನೋಡಿಕೊಳ್ಳುವ ಅಧಿಕಾರಿಯಾಗಿ ಹೋಗುತ್ತಾನೆ. ಸೇನೆಯವರು ಚೀನೀ ಕೈದಿಗಳನ್ನು ಗೂಡ್ಸ್ ಡಬ್ಬಿಯಲ್ಲಿ ತುಂಬಿ ತಂದು ಅವನ ಮುಂದೆ ಸುರಿಯುತ್ತಾರೆ. ಎಲ್ಲರೂ ಬದುಕಿಲ್ಲ. ಉಳಿದವರು ಗಂಜಿಯ ಗಾಡಿ ಕಂಡ ಕೂಡಲೇ ಮುಗಿಬೀಳುತ್ತಾರೆ. ಕಾಜಿ ಅವರಿಗೆ ಒಳ್ಳೆಯದು ಮಾಡಲು ಹೊರಟು, ಮುಳ್ಳುತಂತಿಗೆ ಕರೆಂಟ್ ಹರಿಸಿದ ಶಿಬಿರದ ಅಧಿಕಾರಿಯಾಗಿಯೇ ಉಳಿಯುತ್ತಾನೆ. ಕೈದಿಗಳು ಅವನ ಒಳ್ಳೆಯತನವನ್ನು ನಂಬುವುದಿಲ್ಲ. ಯಾಕೆ ನಂಬಬೇಕು? ಕೊಬಯಾಶಿ ಸ್ವತಃ ಸೈನಿಕನಾಗಿ ಮಂಚೂರಿಯಾದಲ್ಲಿದ್ದವರು. ಬಡ್ತಿ ಕೊಟ್ಟರೂ ಬೇಡ ಅಂದು ಸಾಮಾನ್ಯ ಸಿಪಾಯಿಯಾಗಿಯೇ ಇದ್ದರು.

ಒಟ್ಟು ಒಂಬತ್ತೂವರೆ ಗಂಟೆ. ಒಂದೇ ದಿನ ಕೂರಬೇಡಿ, ಮೊದಲ ಭಾಗ ನೋಡಿ ಇಲ್ಲಿ ಬರೆಯಿರಿ. ನಿಮ್ಮ ತಕರಾರು ಎಷ್ಟು ಉಳಿಯುತ್ತದೆ ಅಂತ ನೋಡೋಣ. ಪೂರ್ತಿ ಹೋಗುವುದಿಲ್ಲ ಅಂತ ನನ್ನ ಅಂದಾಜು.